ಕಾಕಾ ಹೇಳಿದ ಜಪಾನಿನ ಸಿನೆಮಾ

ಕಲ್ಲುಹಾಸಿನ ಮೇಲೆ ಕಟ್ಟಿಗೆಯ ಆವುಗೆಗಳ ಸಪ್ಪಳ, ಅದರ ಬೆನ್ನಿಗೇ ಗಾಳಿ. ಹೋದ ಬೇಸಿಗೆಯ ಒಂದು ರವಿವಾರ ಮಧ್ಯಾಹ್ನ, ಮುದ್ದೇಬಿಹಾಳದ ನಮ್ಮ ಮನೆಯ ಮಾಳಿಗೆಯ ಮೇಲಿಂದ ಒಣಗಿದ ಬಟ್ಟೆ ಎತ್ತಿಕೊಂಡು ಇಳಿಯುತ್ತಿದ್ದೆ. ಕೆಳಗಿನ ಬಾಡಿಗೆ ಮನೆಯ ಬಾಗಿಲು ತೆರೆದಿತ್ತು. ಸಪ್ಪಳ ಅಲ್ಲಿಂದ ಬರುತ್ತಿತ್ತು. ನಮ್ಮ ಕಡೆಯವರಿಗೆ ಆವುಗೆಯ ಸಪ್ಪಳ ಕೇಳಿದರೆ ಮಠದ ಅಪ್ಪನವರು ಬಂದರೆಂದು ತಲೆ ತಾನಾಗಿ ಬಾಗುತ್ತದೆ. ಆದರೆ ಇದು ಆ ನಡಿಗೆಯಲ್ಲ. ಇದು ಒಂದು ಕಾಲನ್ನು ತುಸು ಎಳೆದು ಹಾಕುವ, ಎಲ್ಲಿಗೆ ಮುಟ್ಟಬೇಕೆಂಬ ಆಸೆ ಬಿಟ್ಟವನ ನಡಿಗೆ. ಅದು ಯಾರ ನಡಿಗೆಯೆಂದು ನನಗೆ ತಕ್ಷಣ ಗೊತ್ತಾಯಿತು. ಬಟ್ಟೆಯ ಬುಟ್ಟಿ ಹಿಡಿದು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಆ ವಾರವೆಲ್ಲ ಪರೀಕ್ಷೆಯ ಪೇಪರು ತಿದ್ದಿ ತಿದ್ದಿ ಕಣ್ಣು ಉರಿಯುತ್ತಿದ್ದವು. ನಿವೃತ್ತಿಗೆ ಹತ್ತಿರ ಬಂದ ಶಿಕ್ಷಕಿ ನಾನು. ಮನೆಯವರು ತೀರಿಕೊಂಡ ಮೇಲೆ ಕೆಳಗಿನ ಎರಡು ಕೋಣೆಗಳನ್ನು ಬ್ಯಾಂಕಿನಲ್ಲಿ ಕೆಲಸ ಮಾಡುವ ಸ್ಮಿತಾ ಎಂಬ ತುಮಕೂರು ಕಡೆಯ ಹುಡುಗಿಗೆ ಕೊಟ್ಟಿದ್ದೇನೆ. ಅವಳು ಬಾಗಿಲಿಗೆ ಬಂದು, "ಸೌಂಡ್ ಜಾಸ್ತಿ ಆಯ್ತಾ ಮೇಡಂ?" ಎಂದಳು. "ಹಳೇ ಜಪಾನಿ ಸಿನಿಮಾ. ಸಮುರಾಯ್ ಕತೆ. ನಿಮಗೆ ಬೋರ್ ಆಗುತ್ತೆ."

"ಅದನ್ನ ನಾ ನೋಡೇನಿ," ಎಂದೆ.

ಅವಳು ನಂಬಲಿಲ್ಲ. "ಎಲ್ಲಿ ನೋಡಿದ್ರಿ?"

"ಇಂಡಿಯೊಳಗ. ನಮ್ಮ ಮನಿಯೊಳಗ."

ಇಂಡಿ ಎಂಬ ಊರಿನ ಆ ಮನೆಯನ್ನು ನೀವು ನೋಡಿರಲಿಕ್ಕಿಲ್ಲ, ಆದರೆ ಅಂಥದೊಂದು ಮನೆ ನಿಮಗೂ ಇದ್ದಿರಬೇಕು. ಮಣ್ಣಿನ ಮಾಳಿಗೆಯ ಮನೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನಲ್ಲಿ ನಾನು ಕಾಲು ಮಡಚಿ ಕೂತು ಪುಸ್ತಕ ಓದುತ್ತಿದ್ದೆ. ಪಡಸಾಲೆಯ ನಡುವೆ, ನೆತ್ತಿಯ ಮೇಲೆ, ಒಂದು ಬೆಳಕಿಂಡಿ. ಹೊತ್ತೇರಿದಂತೆ ಅದರಿಂದ ಬಿದ್ದ ಬಿಸಿಲಿನ ಬಿಲ್ಲೆ ಗೋಡೆಯಿಂದ ನೆಲಕ್ಕೆ, ನೆಲದಿಂದ ಜೋಳದ ಚೀಲಗಳ ಮೇಲಕ್ಕೆ ನಿಧಾನವಾಗಿ ಹರಿದುಹೋಗುತ್ತಿತ್ತು. ನಿಂಬೆಯ ಸುಗ್ಗಿಯಲ್ಲಿ ಪಡಸಾಲೆಯ ಒಂದು ಮೂಲೆ ಪೂರ್ತಿ ನಿಂಬೆಹಣ್ಣು. ಮೇಲಿನವು ಹಳದಿಯಾಗಿ ಹೊಳೆಯುತ್ತಿದ್ದರೆ ಅಡಿಯಲ್ಲಿ ಕೆಲವು ಕೊಳೆತು, ಹುಳಿಯೂ ಕಹಿಯೂ ಆದ ಒಂದು ವಾಸನೆ ಮನೆಯ ಹಾಸಿಗೆ ಹೊದಿಕೆಗೆಲ್ಲ ಹತ್ತಿರುತ್ತಿತ್ತು. ಆ ಮನೆಯಲ್ಲಿ ನನ್ನಪ್ಪ, ಅವ್ವ, ನಾನು, ಅಪ್ಪನ ತಮ್ಮ ಸಿದ್ರಾಮ ಕಾಕಾ, ಮತ್ತು ಅಪ್ಪನ ತಾಯಿ ಇದ್ದೆವು. ಆಕೆಯನ್ನು ನಾನು ಆಯಿ ಎನ್ನುತ್ತಿದ್ದೆ. ಇನ್ನೊಬ್ಬರೂ ಇದ್ದರು. ಅವರು ಸತ್ತುಹೋಗಿದ್ದರು.

ನಾವು ಮೂಲತಃ ಇಂಡಿಯವರಲ್ಲ, ಭೀಮಾ ದಂಡೆಯ ಒಂದು ಹಳ್ಳಿಯವರು. ಅಲ್ಲಿ ನಮ್ಮ ಹೊಲಕ್ಕೂ ಶರಣಪ್ಪ ಎಂಬಾತನ ಹೊಲಕ್ಕೂ ನಡುವೆ ಒಂದು ಬದುವಿತ್ತು. ಆ ಬದುವಿನ ಮೇಲೆ ಒಂದು ಬನ್ನಿಮರ. ಮರ ಯಾರದೆಂಬ ಮಾತಿಗೆ ಶುರುವಾದ ಜಗಳದಲ್ಲಿ ಅಪ್ಪನ ನಡುವಿನ ತಮ್ಮ ಮಲ್ಲಪ್ಪ ಕಾಕಾ ಕೊಡಲಿಯೇಟಿಗೆ ಸತ್ತ. ಅವನ ಮದುವೆ ಗೊತ್ತಾಗಿತ್ತು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಸಿದ್ರಾಮ ಕಾಕಾ ಸೊಲ್ಲಾಪುರದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಹುಡುಗ. ಕೋರ್ಟಿನಲ್ಲಿ ಸಾಕ್ಷಿ ನಿಲ್ಲಲಿಲ್ಲ, ಶರಣಪ್ಪ ಬಿಡುಗಡೆಯಾದ. ನಮ್ಮವರು ಹೊಲ ಪಾಲಿಗೆ ಹಾಕಿ ಇಂಡಿಗೆ ಬಂದರು. ಇಷ್ಟನ್ನೂ ನನಗೆ ಯಾರೂ ಕೂಡಿಸಿ ಹೇಳಲಿಲ್ಲ. ಅಡುಗೆಮನೆಯಲ್ಲಿ ಒಂದು ತುಣುಕು, ಬಂದ ಬೀಗರ ಮಾತಿನಲ್ಲಿ ಒಂದು ತುಣುಕು, ಹೀಗೆ ಹೆಕ್ಕಿಕೊಂಡದ್ದು. ಆಯಿ ಮಾತ್ರ ಆ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಆಕೆ ಮಾಡುತ್ತಿದ್ದುದು ಒಂದೇ ಕೆಲಸ. ಊಟದ ಹೊತ್ತಿಗೆ ಎಲ್ಲರ ಜೊತೆ ಇನ್ನೊಂದು ತಾಟು ಹಾಕಿ, ಅದರಲ್ಲಿ ಒಂದು ಬಿಸಿ ರೊಟ್ಟಿ, ಒಂದಿಷ್ಟು ಪಲ್ಯ ಇಡುತ್ತಿದ್ದಳು. ಅದು ಮಲ್ಲಪ್ಪನ ತಾಟು. ನಾವು ಉಂಡು ಮುಗಿಸುವವರೆಗೆ ಅದು ಹಾಗೇ ಇರುತ್ತಿತ್ತು. ಆಮೇಲೆ ಆರಿದ ಆ ರೊಟ್ಟಿಯನ್ನು ಎತ್ತಿ ಸಿದ್ರಾಮ ಕಾಕಾನ ತಾಟಿಗೆ ಹಾಕಿ, "ಅವನ ಪಾಲೂ ನೀನ ಉಣ್ಣು," ಎನ್ನುತ್ತಿದ್ದಳು. ದಿನವೂ ಅದೇ ಮಾತು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಕಾಕಾ ಮಾತಾಡದೆ ಅದನ್ನು ಮುರಿದು ತಿನ್ನುತ್ತಿದ್ದ. ಹೊಟ್ಟೆ ತುಂಬಿದ ಮೇಲೆ ಆರಿದ ಜೋಳದ ರೊಟ್ಟಿ ತಿನ್ನುವುದು ಎಷ್ಟು ಕಷ್ಟವೆಂದು ತಿಂದವರಿಗೇ ಗೊತ್ತು.

ನನ್ನಪ್ಪನಿಗೆ ಸಣ್ಣಂದಿನಿಂದ ಒಂದು ಕಾಲು ಊನ. ಹಾಗಾಗಿ ಆಯಿಯ ಕಣ್ಣು ಎಂದೂ ಅಪ್ಪನ ಮೇಲೆ ನಿಲ್ಲಲಿಲ್ಲ. ಪಂಚಮಿಗೆ, ದೀಪಾವಳಿಗೆ ಆಯಿಯ ತವರಿನವರು ಬಂದರೆ ಪಡಸಾಲೆಯಲ್ಲಿ ಕೂತು ಕಾಕಾನನ್ನೇ ನೋಡುತ್ತಿದ್ದರು. "ಸಿದ್ರಾಮಗ ಮೀಸಿ ಬಂದು ಎಷ್ಟ ದಿವಸಾತು," ಎಂದು ಒಬ್ಬರು ಅಂದರೆ ಇನ್ನೊಬ್ಬರು ಎಲೆ ಮಡಚುತ್ತ ಸುಮ್ಮನಿರುತ್ತಿದ್ದರು. ನನ್ನವ್ವ ಒಮ್ಮೆ ಕಾಕಾನಿಗೆ ಹೆಣ್ಣು ನೋಡುವ ಮಾತೆತ್ತಿದಾಗ ಆಯಿ, "ಮೊದಲ ಅದು ಆಗಲಿ. ಆಮ್ಯಾಲ ಮದವಿ," ಎಂದಳು. ಅದು ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಅಲ್ಲಿಗೆ ಆ ಮಾತು ನಿಂತಿತು. ಕಾಕಾನ ತಲೆಯಲ್ಲಿ ಆಗಲೇ ಬಿಳಿ ಕೂದಲು ಕಾಣುತ್ತಿದ್ದವು.

ಕಾಕಾ ಇಂಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ವಿಡಿಯೋ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದ. ಮದುವೆ, ಕುಬಸ, ಜವಳದ ಮನೆಗಳಿಗೆ ಟೀವಿ, ವಿಸಿಆರ್ ಬಾಡಿಗೆ ಕೊಟ್ಟು, ಅವನ್ನು ಟೆಂಪೋದಲ್ಲಿ ಹೇರಿಕೊಂಡು ತಾನೇ ಹೋಗಿ ಸಿನೆಮಾ ಹಚ್ಚಿ ಬರುತ್ತಿದ್ದ. ಜನ ಕೇಳುತ್ತಿದ್ದುದು ಭಕ್ತಿಯ ಸಿನೆಮಾ, ಇಲ್ಲವೇ ಹೊಡೆದಾಟದವು. ಕಾಕಾನ ಮನಸ್ಸು ಇದ್ದದ್ದು ಬೇರೆ ಕಡೆ. ಸೊಲ್ಲಾಪುರದಲ್ಲಿ ಅವನ ಕಾಲೇಜಿನ ಒಬ್ಬ ಮಾಸ್ತರರು ಎಲ್ಲಿಂದಲೋ ಪರದೇಶದ ಸಿನೆಮಾ ತರಿಸಿ, ತೋರಿಸಿ, ಅರ್ಥ ಬಿಡಿಸಿ ಹೇಳುತ್ತಿದ್ದರಂತೆ. ಅಲ್ಲಿ ನೋಡಿದ ಒಂದು ಜಪಾನಿನ ಸಿನೆಮಾದ ಮಾತನ್ನು ಅವನು ಆಗಾಗ ತೆಗೆಯುತ್ತಿದ್ದ. ಮುಂದೊಮ್ಮೆ ಪುಣೆಯಿಂದ ಬಂದ ಹಳೆಯ ಕ್ಯಾಸೆಟ್ಟಿನ ಗಂಟಿನಲ್ಲಿ ಅದೇ ಸಿನೆಮಾ ಸಿಕ್ಕಿತು. ಅದನ್ನು ಯಾರೂ ಒಯ್ಯಲಿಲ್ಲ. ಅಂಗಡಿಯ ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತ ಬಹಳ ದಿನ ಬಿದ್ದಿತ್ತು.

ಒಂದು ಶ್ರಾವಣದ ಮಧ್ಯಾಹ್ನ ಕಾಕಾ ಅಂಗಡಿ ಮುಚ್ಚಿ, ಟೀವಿ, ವಿಸಿಆರ್ ಎರಡನ್ನೂ ಮನೆಗೆ ಹೊತ್ತು ತಂದ. ಅದಕ್ಕೂ ಒಂದು ವಾರದ ಹಿಂದೆ ಸಿಂದಗಿ ಕಡೆಯ ಯಾವುದೋ ಮದುವೆಗೆ ಹೋಗಿ ಬಂದವನು ಅಂದಿನಿಂದ ಸರಿಯಾಗಿ ಮಾತಾಡಿರಲಿಲ್ಲ. ಮೈಯಲ್ಲಿ ಆರಾಮಿಲ್ಲವೇನೋ ಎಂದು ಅವ್ವ ಕಷಾಯ ಮಾಡಿ ಕೊಟ್ಟಿದ್ದಳು. ನನಗೆ ಅವನು, "ಸುವರ್ಣಾ, ಮ್ಯಾಲೆ ಹೋಗಿ ಬೆಳಕಿಂಡಿ ಮುಚ್ಚಿ ಬಾ ಮಗಳ," ಎಂದ. ನಾನು ಮಾಳಿಗೆ ಹತ್ತಿ ಬೆಳಕಿಂಡಿಯ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಗೋಣಿ ಹೊಚ್ಚಿ ಇಳಿದು ಬಂದಾಗ ಪಡಸಾಲೆ ಕತ್ತಲಾಗಿ, ನೀಲಿ ಬೆಳಕಿನಲ್ಲಿ ಎಲ್ಲರ ಮುಖ ಬೇರೆಯಾಗಿ ಕಾಣುತ್ತಿದ್ದವು. ಅಪ್ಪ ಗೋಡೆಗೆ ಒರಗಿ ಊನದ ಕಾಲು ಚಾಚಿ ಕೂತಿದ್ದ. ಅವ್ವ ಬಾಗಿಲ ಬಳಿ. ಆಯಿ ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತ, "ನಿನ್ನ ಸಿನೆಮಾ ನಿನಗ, ನನ್ನ ಕೆಲಸ ನನಗ," ಎನ್ನುತ್ತ ಈಳಿಗೆಯ ಮೇಲೆ ಕೂತಿದ್ದಳು.

ಸಿನೆಮಾ ಕಪ್ಪು ಬಿಳಿಯದು. ನಕಲಿನ ನಕಲಾಗಿ ಬಂದ ಕ್ಯಾಸೆಟ್ಟು. ಅಡ್ಡಡ್ಡ ಗೆರೆಗಳು ಏರುತ್ತ ಇಳಿಯುತ್ತ ಇದ್ದವು. ಕೆಳಗೆ ಇಂಗ್ಲಿಷಿನ ಬಿಳಿ ಅಕ್ಷರ ಬರುತ್ತಿದ್ದವಾದರೂ ಬಿಳಿ ಆಕಾಶದ ಮೇಲೆ, ಬಿಳಿ ಹೊಳೆಯ ಮೇಲೆ ಅವು ಕಾಣುತ್ತಲೇ ಇರಲಿಲ್ಲ. ಆದ್ದರಿಂದ ಕಾಕಾ ಟೀವಿಯ ಪಕ್ಕದಲ್ಲಿ ಕೂತು ಎಲ್ಲರ ಮಾತನ್ನೂ ತಾನೇ ಆಡಿದ. ಆ ಜಪಾನಿನವರು ನಮ್ಮ ಮನೆಯಲ್ಲಿ ಇಂಡಿಯ ಮಾತಾಡಿದರು. ಕತೆ ದೊಡ್ಡದೇನಲ್ಲ. ಒಬ್ಬ ಸಮುರಾಯ್. ಅವನ ಅಣ್ಣನನ್ನು ಒಬ್ಬ ಕೊಂದು ಓಡಿಹೋಗಿದ್ದಾನೆ. ಕೊಂದವನನ್ನು ಹುಡುಕಿ, ಕೊಂದು, ಅವನ ಜುಟ್ಟು ಕತ್ತರಿಸಿ ತಾಯಿಯ ಮುಂದೆ ಇಡುವವರೆಗೆ ತಮ್ಮ ಮನೆಯ ಹೊಸ್ತಿಲು ತುಳಿಯಬಾರದು. ಅದು ಅವರ ರೂಢಿ. ಅವನು ಹೊರಡುವಾಗ ಹುಡುಗ. ನೋಡನೋಡುತ್ತ ಕೆನ್ನೆ ಒಣಗಿ, ಗಡ್ಡ ಬೆಳೆದು, ಹುಲ್ಲಿನ ಟೊಪ್ಪಿಗೆ ಹರಿದು, ಒಂದು ಕಾಲು ಎಳೆಯುವ ಮಧ್ಯವಯಸ್ಸಿನವನಾಗುತ್ತಾನೆ. ನಾನು ಕತ್ತಿಯ ಕಾಳಗಕ್ಕೆ ಕಾದು ಕೂತಿದ್ದೆ. ಕಾಳಗ ಬರಲೇ ಇಲ್ಲ. ಬರೀ ದಾರಿ, ಗಾಳಿಗೆ ಬಾಗುವ ಎತ್ತರದ ಹುಲ್ಲು, ಮಳೆ, ಮತ್ತೆ ದಾರಿ. "ಯಾವಾಗ ಬಡದಾಡ್ತಾನ ಕಾಕಾ?" ಎಂದು ಕೇಳಿದೆ. "ಅವನ ಕಾಲ ನೋಡು ಮಗಳ," ಎಂದ. "ಕತ್ತಿ ನೋಡಬ್ಯಾಡ. ಕಾಲ ನೋಡು." ನೋಡಿದೆ. ಕಾಲು ಬಿರಿದಿದ್ದವು. ಅವನು ಒಂದು ಕಲ್ಲಿನ ಮೇಲೆ ಕೂತು ಆವುಗೆಯ ಪಟ್ಟಿ ಬಿಗಿದುಕೊಳ್ಳುವುದನ್ನು ಸಿನೆಮಾದವರು ಎಷ್ಟು ಹೊತ್ತು ತೋರಿಸಿದರೆಂದರೆ ಅವ್ವ ಎದ್ದು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟು ಬಂದರೂ ಅವನು ಅಲ್ಲೇ ಕೂತಿದ್ದ.

ಕಡೆಗೆ ಅವನು ಹುಡುಕುತ್ತಿದ್ದವ ಒಂದು ಹೊಳೆಯ ದಂಡೆಯಲ್ಲಿ ಸಿಗುತ್ತಾನೆ. ಕೊಂದವನು ಈಗ ಮುದುಕ, ಜನರನ್ನು ದಾಟಿಸುವ ಅಂಬಿಗ. ಸಮುರಾಯ್ ದೋಣಿ ಹತ್ತುತ್ತಾನೆ. ನಡುಹೊಳೆಯಲ್ಲಿ ಮುದುಕ ಹುಟ್ಟು ಹಾಕುವುದನ್ನು ನಿಲ್ಲಿಸಿ, ತಿರುಗಿ ನೋಡದೆಯೇ ಮಾತಾಡಿದ. ಕಾಕಾ ಆ ಮಾತನ್ನು ಬಹಳ ಮೆಲ್ಲಗೆ ಹೇಳಿದ. "ನೀ ಯಾರು ಅಂತ ನನಗ ಗೊತ್ತೈತಿ. ನೀ ಹುಡಕೂದಕ್ಕ ದಣದಿ. ನಾ ಕಾಯೂದಕ್ಕ ದಣದೀನಿ." ಆಗ ಪಡಸಾಲೆಯಲ್ಲಿ ಈಳಿಗೆಯ ಸಪ್ಪಳ ನಿಂತದ್ದು ನನಗೆ ನೆನಪಿದೆ. ಆಯಿಯ ಕೈಯಲ್ಲಿ ಅರ್ಧ ಹೆಚ್ಚಿದ ನಿಂಬೆಹಣ್ಣಿತ್ತು. ದಂಡೆ ಮುಟ್ಟಿದ ಮೇಲೆ ಸಮುರಾಯ್ ಕತ್ತಿ ಹಿರಿಯುತ್ತಾನೆ. ಮುದುಕ ಕುತ್ತಿಗೆ ಬಾಗಿಸಿ ಕೂತಿದ್ದಾನೆ. ಗಾಳಿ, ಹುಲ್ಲು. ಸಮುರಾಯ್ ಆ ಕತ್ತಿಯಿಂದ ತನ್ನ ಜುಟ್ಟನ್ನೇ ಕತ್ತರಿಸಿ, ಬಟ್ಟೆಯಲ್ಲಿ ಕಟ್ಟಿಕೊಂಡು, ಬಂದ ದಾರಿ ಹಿಡಿಯುತ್ತಾನೆ. ಮನೆಗೆ ಬಂದು ಅಂಗಳದಲ್ಲಿ ಮೊಣಕಾಲೂರಿ ಗಂಟನ್ನು ತಾಯಿಯ ಮುಂದೆ ಇಡುತ್ತಾನೆ. ತಾಯಿ ಹಣ್ಣು ಹಣ್ಣು ಮುದುಕಿ. ಕೂದಲನ್ನು ಕೈಗೆತ್ತಿಕೊಂಡು ಮುಖದ ಹತ್ತಿರ ತಂದು ಮೂಸಿ ನೋಡುತ್ತಾಳೆ. ಅವಳ ತುಟಿ ಒಂದಿಷ್ಟು ಅಲ್ಲಾಡುತ್ತವೆ. ಒಳಗೆ ಹೋಗಿ ಬಾಗಿಲು ಸರಿಸಿ ಮುಚ್ಚುತ್ತಾಳೆ. ಕಾಕಾ ಆಯಿಯ ಕಡೆ ನೋಡದೆ, ಟೀವಿಯ ಕಡೆಗೇ ಮುಖ ಮಾಡಿ ಹೇಳಿದ: "ಇದು ನಿನ್ನ ಕೂದಲ ಅಂತ ನನಗ ಗೊತ್ತೈತಿ ಮಗನ. ಹಡದಾಕಿಗೆ ಗೊತ್ತಾಗಲಾರದ ಇರತೈತೇನು? ಸಾಕಿನ್ನ. ತಾಟ ಹಚ್ಚತೀನಿ, ಕೈಕಾಲ ತೊಳಕೊಂಡು ಉಣ್ಣಾಕ ಬಾ." ಹಾಗೆಂದವನು ಗುಂಡಿ ಒತ್ತಿ ಕ್ಯಾಸೆಟ್ಟು ನಿಲ್ಲಿಸಿದ. "ಮುಗೀತು," ಎಂದ.

ನಾನು ಮಾಳಿಗೆ ಹತ್ತಿ ಬುಟ್ಟಿ ತೆಗೆದೆ. ಸಂಜೆಯ ಊಟಕ್ಕೆ ಆಯಿ ಎಂದಿನಂತೆ ಮಲ್ಲಪ್ಪ ಕಾಕಾನ ತಾಟು ಹಾಕಿದಳು. ಎಂದಿನಂತೆ ಆರಿದ ರೊಟ್ಟಿಯನ್ನು ಸಿದ್ರಾಮ ಕಾಕಾನ ತಾಟಿಗೆ ಹಾಕಿದಳು. ಬಾಯಲ್ಲಿ ಮಾತ್ರ ಏನೂ ಅನ್ನಲಿಲ್ಲ.

ಮರುದಿನ ಕಾಕಾ ಟೀವಿಯ ವೈರು ಸುತ್ತುತ್ತಿದ್ದಾಗ ಆಯಿ ಬಂದು ಪಕ್ಕದಲ್ಲಿ ಕೂತಳು. ನಾನು ಗೂಡಿನಲ್ಲಿ ಪುಸ್ತಕ ಹಿಡಿದು ಕೂತಿದ್ದೆ. "ಸಿದ್ದೂ, ಆ ಮುದಕೀದಷ್ಟ ಇನ್ನೊಮ್ಮಿ ಹಚ್ಚು," ಎಂದಳು. ಕಾಕಾ ವೈರು ಬಿಚ್ಚಿ ಮತ್ತೆ ಹಚ್ಚಿದ. ಹೇಳಲು ಬಾಯಿ ತೆರೆದಾಗ ಆಯಿ ಕೈ ಎತ್ತಿ, "ನೀ ಏನೂ ಹೇಳಬ್ಯಾಡ," ಎಂದಳು. ಮುದುಕಿ ಕೂದಲು ಮೂಸಿದಳು, ತುಟಿ ಅಲ್ಲಾಡಿಸಿದಳು, ಬಾಗಿಲು ಸರಿಸಿದಳು. ಕಾಕಾ ಅಲ್ಲಿಯೇ ನಿಲ್ಲಿಸಿದ.

"ಉಣ್ಣಾಕ ಬಾ ಅಂದಾಕೀದು ಮಾರಿ ಹಂಗ ಇರಂಗಿಲ್ಲಲೋ," ಎಂದಳು ಆಯಿ.

ಕಾಕಾ ವೈರಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ.

"ಮಗಾ ಹೊರಗ ಅದಾನ. ಬಾಗಿಲಾ ಯಾಕ ಮುಚ್ಚಿದ್ಲು?"

"ಆ ದೇಶದಾಗ ಗಾಳಿ ಭಾಳ, ಯವ್ವಾ. ಹಂಗ ಮುಚ್ಚತಾರ."

"ಉಣ್ಣಾಕ ಕರದಾಳ?"

"ಕರದಾಳ, ಯವ್ವಾ."

ಆಯಿ ಬಹಳ ಹೊತ್ತು ಆ ಕಪ್ಪು ಗಾಜನ್ನು ನೋಡಿದಳು. ಆಮೇಲೆ ನೆಲಕ್ಕೆ ಕೈಯೂರಿ ಎದ್ದು, "ಅಂದಿರಲಿ ಬಿಡು," ಎಂದು ಅಡುಗೆಮನೆಗೆ ಹೋದಳು. ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಅರ್ಥ ಮಾತ್ರ ತಿಳಿಯಲಿಲ್ಲ. ದೊಡ್ಡವರ ಎಷ್ಟೋ ಮಾತುಗಳು ಹೀಗೆ ಒಡೆಯದ ಕಾಯಿಯಂತೆ ನಮ್ಮೊಳಗೆ ಬಿದ್ದಿರುತ್ತವೆ.

ಅಂದಿನಿಂದ ಎಲ್ಲ ಬದಲಾಯಿತೆಂದರೆ ಸುಳ್ಳಾಗುತ್ತದೆ. ಆ ತಾಟು ಇನ್ನೂ ಕೆಲವು ದಿನ ಇತ್ತು. ಒಂದು ದಿನ ಅದರಲ್ಲಿ ರೊಟ್ಟಿ ಇರಲಿಲ್ಲ, ಖಾಲಿ ತಾಟಷ್ಟೇ. ಇನ್ನೊಂದು ದಿನ ತಾಟೂ ಇರಲಿಲ್ಲ. ಅವ್ವ ಅದನ್ನು ಗಮನಿಸಿ ಅಪ್ಪನ ಮುಖ ನೋಡಿದಳು, ಅಪ್ಪ ತಲೆ ತಗ್ಗಿಸಿ ಉಂಡ. ಆ ದೀಪಾವಳಿಗೆ ಬಂದ ತವರಿನವರು ಮೀಸೆಯ ಮಾತು ತೆಗೆದಾಗ ಆಯಿ, "ಅವಗ ಹೆಣ್ಣ ನೋಡಾಕತ್ತೇವಿ. ನಿಮ್ಮ ಕಡೆ ಯಾವದರ ಇದ್ರ ಹೇಳ್ರಿ," ಎಂದಳು. ಅವರು ಸಿಟ್ಟಿನಿಂದ ಎದ್ದು ಹೋದರು. ಮತ್ತೆ ಎಷ್ಟೋ ವರ್ಷ ನಮ್ಮ ಮನೆಗೆ ಬರಲಿಲ್ಲ. ತನ್ನ ತವರನ್ನು ಕಳೆದುಕೊಂಡ ಆಯಿ ಪಂಚಮಿಯ ದಿನ ಯಾರೂ ಕರೆಯಲು ಬಾರದಿದ್ದಾಗ ಮಾಳಿಗೆಯ ಮೇಲೆ ಒಬ್ಬಳೇ ಕೂತಿರುತ್ತಿದ್ದುದನ್ನು ನಾನು ನೋಡಿದ್ದೇನೆ. ಕಾಕಾನ ಹೆಂಡತಿಯಾಗಿ ಗೊಳಸಂಗಿಯಿಂದ ಚಿಗವ್ವ ಬಂದಳು. ಮದುವೆಯಲ್ಲಿ ಕಾಕಾ ನಕ್ಕದ್ದು ಕಡಿಮೆ. ಅವನು ಆಗಲೇ ದಣಿದಿದ್ದ. ಅವರಿಗೆ ಮಕ್ಕಳಾಗಲಿಲ್ಲ. ಆಯಿ ಒಂದು ಮಾಗಿಯಲ್ಲಿ, ಬೆಳಕಿಂಡಿಯ ಬಿಸಿಲಿಗೆ ಕಾಲು ಚಾಚಿಕೊಂಡು ಕೂತಲ್ಲಿಯೇ ಹೋದಳು. ಕ್ಯಾಸೆಟ್ಟಿನ ಕಾಲವೂ ಮುಗಿಯಿತು. ಕಾಕಾ ಅಂಗಡಿಯಲ್ಲಿ ಮೊದಲು ಮೊಬೈಲಿನ ಕವರು ಮಾರಿ, ಆಮೇಲೆ ಅದನ್ನೂ ಬಿಟ್ಟು, ಚಿಗವ್ವನ ಊರಿನ ಹೊಲ ನೋಡಿಕೊಂಡು ಗೊಳಸಂಗಿಯಲ್ಲೇ ಉಳಿದ. ಅಪ್ಪ, ಅವ್ವ ಒಬ್ಬರ ಹಿಂದೆ ಒಬ್ಬರು ಹೋದರು. ಕಾಕಾ ಹೋಗಿ ಈಗ ಎರಡು ಮಳೆಗಾಲ ಕಳೆದಿವೆ. ಇಂಡಿಯ ಮನೆ ಕೆಡವಿದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ. ಆ ದಾರಿಯಲ್ಲಿ ಹೋಗುವ ಪ್ರಸಂಗ ಬಂದರೆ ಆಟೋದವನಿಗೆ ಬೇರೆ ಓಣಿಯಿಂದ ಹೋಗೆನ್ನುತ್ತೇನೆ.

ಹೋದ ಬೇಸಿಗೆಯ ಆ ರವಿವಾರ ಸ್ಮಿತಾ ಸಿನೆಮಾವನ್ನು ನನಗಾಗಿ ಮೊದಲಿನಿಂದ ಹಚ್ಚಿದಳು. ಈಗ ಗೆರೆಗಳಿಲ್ಲ. ಹುಲ್ಲಿನ ಎಸಳು ಎಸಳೂ ಕಾಣುತ್ತದೆ. ಅಕ್ಷರ ಹಳದಿಯಾಗಿ ಸ್ಪಷ್ಟವಾಗಿವೆ. ಹುಡುಗಿಯಾಗಿದ್ದಾಗ ಕಾಯುತ್ತಿದ್ದ ಕಾಳಗವನ್ನು ಈ ಸಲ ಕಾಯಲಿಲ್ಲ. ಕಾಲನ್ನೇ ನೋಡಿದೆ. ಈ ಸಿನೆಮಾ ಮಾಡಿದವನಿಗೆ ಹಗೆಯ ಒಳಗುಟ್ಟು ಗೊತ್ತಿತ್ತು. ಹಗೆ ಸಿಟ್ಟಿನಿಂದ ನಡೆಯುತ್ತದೆಂದು ನಾವು ತಿಳಿಯುತ್ತೇವೆ. ಸಿಟ್ಟಾದರೋ ಬೇಗ ದಣಿಯುತ್ತದೆ. ಮೊದಲ ಚಳಿಗಾಲದಲ್ಲೇ ಆ ಸಮುರಾಯನ ಸಿಟ್ಟು ಸತ್ತಿರುವುದು ಅವನ ಕಣ್ಣಲ್ಲಿ ಕಾಣುತ್ತದೆ. ಆಮೇಲೆ ಅವನನ್ನು ನಡೆಸುವುದು ರೂಢಿ. ದಿನವೂ ಹಾಕುವ ಒಂದು ತಾಟು. ಎಲ್ಲರೂ ದಣಿದಿರುತ್ತಾರೆ. ಆದರೆ ದಣಿದಿದ್ದೇನೆ ಎಂದು ಮೊದಲು ಹೇಳುವವರಾರು? ಹೇಳಿದವನು ಹೇಡಿಯಾಗುತ್ತಾನೆ. ಅದಕ್ಕೇ ಆ ದೋಣಿಯ ಮುದುಕನ ಮಾತು ಇಡೀ ಸಿನೆಮಾದ ನಡುಗಂಬ. ಅಂಬಿಗನ ಮಾತು ಬಂದಾಗ ಅಕ್ಷರ ಓದಿದೆ. ಕಾಕಾ ಹೇಳಿದ್ದೇ ಇತ್ತು, ಹೆಚ್ಚು ಕಡಿಮೆ ಹಾಗೇ. ನನಗೆ ಸಮಾಧಾನವಾಯಿತು. ಅಂಗಳದಲ್ಲಿ ಮಗ ಮೊಣಕಾಲೂರಿದ. ಮುದುಕಿ ಕೂದಲು ಮೂಸಿದಳು. ಅವಳ ತುಟಿ ಅಲ್ಲಾಡಿದಾಗ ಕೆಳಗೆ ಎರಡೇ ಪದ ಬಂದವು. ಇದು ಅವನದಲ್ಲ, ಎಂದು. ಅವಳು ಬಾಗಿಲು ಮುಚ್ಚಿದಳು.

ಸಿನೆಮಾ ಅಲ್ಲಿಗೆ ಮುಗಿಯಲೂ ಇಲ್ಲ. ಕಾಕಾ ನಮಗೆ ತೋರಿಸದ ಒಂದು ಭಾಗ ಇನ್ನೂ ಇತ್ತು. ಮಗ ಮುಚ್ಚಿದ ಬಾಗಿಲಿನ ಮುಂದೆ ಹಣೆಯನ್ನು ನೆಲಕ್ಕೆ ಮುಟ್ಟಿಸಿ, ಎದ್ದು, ಹರಿದ ಟೊಪ್ಪಿಗೆ ಹಾಕಿಕೊಂಡು, ಮತ್ತೆ ಅದೇ ದಾರಿಗೆ ಇಳಿಯುತ್ತಾನೆ. ಹುಲ್ಲಿನಲ್ಲಿ ಅವನ ಬೆನ್ನು ಸಣ್ಣದಾಗುತ್ತ ಹೋಗುತ್ತದೆ. ಆಮೇಲೆ ಬರೀ ಹುಲ್ಲು. ಸ್ಮಿತಾ, "ಎಂಥಾ ಎಂಡಿಂಗ್ ಅಲ್ವಾ ಮೇಡಂ? ಗೆದ್ದವರೇ ಇಲ್ಲ," ಎಂದಳು. ಅವಳು ಹೇಳಿದ್ದು ಸರಿಯಿತ್ತು. ಸಿನೆಮಾದ ಲೆಕ್ಕದಲ್ಲಿ ಅದೇ ಸರಿಯಾದ ಕೊನೆ. ರೂಢಿ ಎಂಬುದು ಹಡೆದವಳ ಮೂಗಿಗೆ ತನ್ನ ಮಗನ ವಾಸನೆಯನ್ನೂ ಮರೆಸುತ್ತದೆ, ಇಲ್ಲವೇ ಗೊತ್ತಿದ್ದೂ ಬಾಗಿಲು ಮುಚ್ಚಿಸುತ್ತದೆ. ನಾನು ಬಟ್ಟೆಯ ಬುಟ್ಟಿ ಎತ್ತಿಕೊಂಡು ಮೇಲೆ ಬಂದೆ. "ಅಂದಿರಲಿ ಬಿಡು," ಎಂದು ಆಯಿ ಅಂದದ್ದು ಅಷ್ಟು ವರ್ಷದ ಮೇಲೆ ಮೆಟ್ಟಿಲ ಮೇಲೆ ನನಗೆ ತಿಳಿಯಿತು. ಉಣ್ಣಾಕ ಬಾ ಎಂಬ ಮಾತು ಜಪಾನಿನ ಮುದುಕಿಯದಲ್ಲ, ತನ್ನ ಮಗನದು ಎಂದು ಆಕೆಗೆ ಅಂದೇ ಗೊತ್ತಾಗಿತ್ತು.

ಮುಂದಿನ ರವಿವಾರ ಬಸವನ ಬಾಗೇವಾಡಿಯ ಕಡೆಗೆ ಹೋಗುವ ಬಸ್ಸು ಹಿಡಿದು ಗೊಳಸಂಗಿಗೆ ಹೋದೆ. ಚಿಗವ್ವ ತಲೆಬಾಗಿಲ ಕಟ್ಟೆಯ ಮೇಲೆ ಹುಣಸೆಹಣ್ಣು ಹರವಿಕೊಂಡು ಬೀಜ ಬಿಡಿಸುತ್ತ ಕೂತಿದ್ದಳು. ಮೈ ಇಳಿದಿದೆ. ಕಣ್ಣಿಗೆ ಪೊರೆ ಬಂದಿದೆ. "ಬಾರವ್ವಾ, ಬಿಸಲಾಗ ಬಂದಿ," ಎಂದು ನೀರು ಕೊಟ್ಟಳು. ನಾನೂ ಕೂತು ಬೀಜ ಬಿಡಿಸತೊಡಗಿದೆ. ಆ ಸಿನೆಮಾ ಮತ್ತೆ ನೋಡಿದ ಸಂಗತಿ, ಕೊನೆಯಲ್ಲಿ ಏನಿತ್ತೆಂಬುದು, ಎಲ್ಲ ಹೇಳಿದೆ. ಕಾಕಾ ಇಂಗ್ಲಿಷ್ ಅಕ್ಷರ ಕಾಣದೆ ತಪ್ಪಿ ಹೇಳಿದನೋ, ಬೇಕೆಂದೇ ಹೇಳಿದನೋ ಎಂದು ಕೇಳಿದೆ.

ಚಿಗವ್ವ ಕೈಕೆಲಸ ಬಿಡದೆ, "ಆ ಸಿಂದಗಿ ಕಡೆ ಮದವಿ ಯಾರದು ಅಂತ ಗೊತ್ತೈತೇನು ನಿನಗ?" ಎಂದಳು. ನನಗೆ ಗೊತ್ತಿರಲಿಲ್ಲ. "ಶರಣಪ್ಪನ ಮಗಳದು. ಅವನೂ ಊರ ಬಿಟ್ಟಿದ್ದ, ಹೆದರಿ. ಇವರ ಅಂಗಡಿಗಿ ಬಂದು, ಮಗಳ ಮದವಿ ಐತ್ರಿ, ಟೀವಿ ಬೇಕಾಗೇತ್ರಿ ಅಂದ. ಇವರ ಗುರುತ ಅವಗ ಹತ್ತಲಿಲ್ಲ. ಇವರು ಸಣ್ಣವರಿದ್ದಾಗ ನೋಡಿದ್ದ. ಇವರಿಗೆ ಅವನ ಮಾರಿ ಮರೀತೈತೇನು? ಹೂಂ ಅಂದ್ರು. ತಾವ ಹೇರಿಕೊಂಡು ಹೋದ್ರು."

"ಏನ ಮನಸಿನ್ಯಾಗ ಇಟಗೊಂಡು ಹೋದ್ರು ಚಿಗವ್ವಾ?"

"ಅದನ್ನ ನಾ ಕೇಳಲಿಲ್ಲ. ಅವರೂ ಹೇಳಲಿಲ್ಲ." ಒಂದು ಬೀಜ ಬಿಡಿಸಿ ಮೊರಕ್ಕೆ ಹಾಕಿದಳು. "ಇಷ್ಟ ಹೇಳಿದ್ರು. ಮದವಿ ಮನ್ಯಾಗ ಅವ ಒಂದ ಗಳಿಗಿ ಬೆನ್ನ ತಿರುವಿ ಕೂಡಲಿಲ್ಲಂತ. ಗೋಡೆಗಿ ಬೆನ್ನ ಕೊಟ್ಟು, ಬಾಗಿಲ ಕಡೆ ಮಾರಿ ಮಾಡೇ ನಿಂತಿದ್ದನಂತ. ಮಗಳ ಮ್ಯಾಲೆ ಅಕ್ಷತಾ ಬೀಳೂವಾಗ ಸುದ್ದಾ ಬಾಗಿಲಾನ ನೋಡತಿದ್ದನಂತ. ಆಮ್ಯಾಲ ಇವರನ್ನ ಉಣ್ಣಾಕ ಕೂಡಸಿ, ಇನ್ನೊಂದ ಹೋಳಿಗಿ ಹಾಕಿಸ್ಕೋ ತಮ್ಮಾ, ದೂರ ಹೋಗಬೇಕು ಅಂದನಂತ. ಇವರು ಹಾಕಿಸಿಕೊಂಡು ಉಂಡ್ರು. ಬಂದಮ್ಯಾಲ ಮನ್ಯಾಗ ಆರಿದ ರೊಟ್ಟಿ ಗಂಟಲಾಗ ಇಳೀಲಿಲ್ಲಂತ."

ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ ಹೋಗಿತ್ತು. ಅಷ್ಟಾದ ಮೇಲೆ ನಾನು ಕೇಳಿದ ಪ್ರಶ್ನೆಯೇ ನನಗೆ ಮರೆತಿತ್ತು. ಚಿಗವ್ವ ಮರೆತಿರಲಿಲ್ಲ.

"ಬೇಕಂತನ ಹೇಳಿದ್ರವ್ವಾ," ಎಂದಳು. "ಕಡೀಕ ಹಾಸಿಗಿ ಹಿಡದಾಗ ನನ್ನ ಮುಂದ ಅಂದ್ರು. ಆ ಸಿನೆಮಾದಾಗ ತಾಯಿ ಬಾಗಿಲಾ ಮುಚ್ಚತಾಳ, ನಮ್ಮವ್ವ ಮುಚ್ಚಲಿಲ್ಲ, ಅಂತ."

ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು. ಅದರ ಧೂಳು ಅಡಗುವವರೆಗೆ ಚಿಗವ್ವ ಸೆರಗಿನಿಂದ ಹುಣಸೆಹಣ್ಣು ಮುಚ್ಚಿಕೊಂಡು ಕೂತಳು. ಬಸ್ಸಿಗಿನ್ನೂ ಹೊತ್ತಿತ್ತು. ಉಳಿದ ಹಣ್ಣನ್ನು ನಡುವೆ ಹಾಕಿಕೊಂಡು ಬೀಜ ಬಿಡಿಸಿದೆವು. ಇಂಡಿಯ ಆ ಪಡಸಾಲೆಯಲ್ಲಿ ಕೂತು ಉಂಡವರಲ್ಲಿ ಈಗ ಉಳಿದವರು ನಾವಿಬ್ಬರೇ.